ಕಡಲಿಲ್ಲದ ಊರಿನ ಗುದ್ದುಗಾರ

ಮಂಗಳೂರಿನ ಟ್ರಾಲ್ ಬಲೆಗಳಿಗೆ ಮ್ಯಾಂಟಿಸ್ ಸಿಗಡಿಗಳು ರಾಶಿ ರಾಶಿ ಬೀಳುತ್ತವೆ. ಹೆಚ್ಚಿನವು ಮೀನುಹಿಟ್ಟಿನ ಪಾಲು. ದೆಹಲಿಯಲ್ಲಿ ಒಂದನ್ನು ಸಾಕಬೇಕೆಂದರೆ ಮೊದಲು ಕಡಲನ್ನೇ ಅಡುಗೆ ಮಾಡಬೇಕು. ಶುದ್ಧೀಕರಿಸಿದ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಸಮುದ್ರದುಪ್ಪಿನ ಮಿಶ್ರಣ. ಮೇ ತಿಂಗಳಲ್ಲಿ ಹೊರಗೆ 45 ಡಿಗ್ರಿ, ತೊಟ್ಟಿಯೊಳಗೆ 25ರ ಆಸುಪಾಸು. ಚಿಲ್ಲರ್ ನಿಂತಿತೋ, ಎದೆಯಲ್ಲಿ ಡವಡವ.

ಇಷ್ಟೆಲ್ಲ ಯಾಕೆ? ನವಿಲು ಮ್ಯಾಂಟಿಸ್ ಸಿಗಡಿ ಬಿಲದಿಂದ ಇಣುಕುವುದನ್ನು ನೋಡಬೇಕು. ಹಸಿರು ಮೈ, ಕೆಂಪು ಕಾಲು, ಒಂದೊಂದು ದಿಕ್ಕಿಗೊಂದೊಂದು ಹೊರಳುವ ಕಣ್ಣು. ಬಣ್ಣಕ್ಕೆ ನಮ್ಮಲ್ಲಿ ಮೂರು ಬಗೆಯ ಗ್ರಾಹಕಕೋಶಗಳಿದ್ದರೆ ಅದಕ್ಕೆ ಹನ್ನೆರಡು; ಆದರೂ ಹತ್ತಿರದ ಬಣ್ಣಗಳನ್ನು ಬೇರ್ಪಡಿಸುವುದರಲ್ಲಿ ಮ್ಯಾಂಟಿಸ್ ಸಿಗಡಿ ನಮಗಿಂತ ಹಿಂದೆಯೇ ಎಂದು 2014ರ ಪ್ರಯೋಗವೊಂದು ತೋರಿಸಿತು. ಆ ಸೋಲು ನನಗೇಕೋ ಪ್ರಿಯ!

ಗುದ್ದಿನಲ್ಲಿ ಮಾತ್ರ ಸೋಲಿಲ್ಲ. ಸ್ಪ್ರಿಂಗಿನಂತೆ ಬಿಗಿಹಿಡಿದ ಕೈ ಸೆಕೆಂಡಿಗೆ 23 ಮೀಟರ್ ವೇಗದವರೆಗೂ ಚಿಮ್ಮುತ್ತದೆ. ನೀರಲ್ಲಿ ಗುಳ್ಳೆ ಹುಟ್ಟಿ ಒಡೆದು, ಬಸವನಹುಳುವಿನ ಚಿಪ್ಪಿಗೆ ಎರಡನೇ ಪೆಟ್ಟು ಕೊಡುತ್ತದೆ. ಅದಕ್ಕೇ ಜಾಣರು ಗಾಜಿನ ಬದಲು ದಪ್ಪ ಅಕ್ರಿಲಿಕ್ ತೊಟ್ಟಿ ಹುಡುಕುತ್ತಾರೆ. ಜತೆಗೆ ಬೇರೆ ಮೀನು ಬಿಡುವಂತಿಲ್ಲ, ಬಿಟ್ಟರೆ ಅದು ಊಟ. ಇಡೀ ಕಡಲು ಒಬ್ಬನಿಗೇ! ರಾತ್ರಿ ದೀಪ ಆರಿಸಿದ ಮೇಲೆ ಕೋಣೆಯ ಮೂಲೆಯಿಂದ ಟಕ್, ಟಕ್.