ಒಳಮೈಯ ಕುಸುರಿ

ಮುಂಬಲ್ಲಿಗೆ ಅಂಟಿಸುವ ಪಿಂಗಾಣಿ ವೆನಿಯರ್‌ನ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಎಲ್ಲರೂ ಹೊಗಳುವುದು ಅದರ ಹೊರಮೈಯ ಹೊಳಪನ್ನು. ನನಗೆ ಹಿಡಿಸುವುದು ಯಾರೂ ನೋಡದ ಒಳಮೈ.

1930ರ ದಶಕದಲ್ಲಿ ದಂತವೈದ್ಯ ಚಾರ್ಲ್ಸ್ ಪಿಂಕಸ್ ಹಾಲಿವುಡ್ ನಟರಿಗೆ ಕೂರಿಸುತ್ತಿದ್ದ ವೆನಿಯರ್‌ಗಳ ಬಾಳು ಚಿತ್ರೀಕರಣ ಮುಗಿಯುವವರೆಗೆ ಮಾತ್ರ. 1955ರಲ್ಲಿ ಮೈಕೆಲ್ ಬ್ಯುನೊಕೋರ್ ರಾಳ ಹಿಡಿದುಕೊಳ್ಳುವಂತೆ ಹಲ್ಲಿನ ಎನಾಮೆಲ್ಲನ್ನು ಫಾಸ್ಫಾರಿಕ್ ಆಮ್ಲದಿಂದ ಒರಟು ಮಾಡಿ ತೋರಿಸಿದರು. ಪಿಂಗಾಣಿಯ ಸರದಿ ಬಂದದ್ದು 1980ರ ದಶಕದಲ್ಲಿ, ಹೈಡ್ರೋಫ್ಲೋರಿಕ್ ಆಮ್ಲದೊಂದಿಗೆ.

ಆ ಆಮ್ಲ ಮೊದಲು ತಿನ್ನುವುದು ಪಿಂಗಾಣಿಯ ಹರಳುಗಳ ನಡುವಿನ ಗಾಜನ್ನು. ಉಳಿದ ಸಂದುಗಳಿಗೆ ರಾಳದ ಸಿಮೆಂಟು ಇಳಿದು ಗಟ್ಟಿಯಾಗುತ್ತದೆ. ಲಿಥಿಯಂ ಡೈಸಿಲಿಕೇಟ್ ಬಗೆಯ ಪಿಂಗಾಣಿಯಾದರೆ ಶೇ 5ರ ಆಮ್ಲ, 20 ಸೆಕೆಂಡು ಸಾಕು. ಇನ್ನಷ್ಟು ಹೊತ್ತು ಬಿಟ್ಟರೆ ಇನ್ನಷ್ಟು ಹಿಡಿತ ಎಂಬ ಆಸೆ ಬೇಡ, ಪಿಂಗಾಣಿಯೇ ಸೊರಗುತ್ತದೆ. ಆಮೇಲೆ ಸಿಲೇನ್. ಎರಡೂ ಮನೆಗೆ ಬೇಕಾದ ಸೋದರಮಾವನಂತೆ ಇದು ಒಂದು ಕೈಯಲ್ಲಿ ಪಿಂಗಾಣಿಯ ಸಿಲಿಕಾ, ಇನ್ನೊಂದರಲ್ಲಿ ರಾಳ ಹಿಡಿದು ನಿಲ್ಲುತ್ತದೆ.

ಜಿರ್ಕೋನಿಯಾ ಎಂಬ ಸೆರಾಮಿಕ್ ಮಾತ್ರ ಇದಕ್ಕೆಲ್ಲ ಜಗ್ಗದು. ಅದರಲ್ಲಿ ಗಾಜೇ ಇಲ್ಲ, ಆಮ್ಲ ಕಚ್ಚುವುದಾದರೂ ಏನನ್ನು? ಹಾಗಾಗಿ ಸುಮಾರು 50 ಮೈಕ್ರಾನ್ ಗಾತ್ರದ ಅಲ್ಯೂಮಿನಾ ಪುಡಿಯನ್ನು ಹದವಾದ ಒತ್ತಡದಲ್ಲಿ ಎರಚಿ, ಎಂಡಿಪಿ ಎಂಬ ಫಾಸ್ಫೇಟ್ ಅಣುವಿರುವ ಪ್ರೈಮರ್ ಹಚ್ಚುತ್ತಾರೆ. ಇಲ್ಲಿ ಎಂಜಲೇ ಶತ್ರು. ಬಾಯಲ್ಲಿಟ್ಟು ಅಳತೆ ನೋಡುವಾಗ ಎಂಜಲಿನ ಫಾಸ್ಫೇಟುಗಳು ಎಂಡಿಪಿ ಕೂರಬೇಕಾದ ಜಾಗವನ್ನು ಮೊದಲೇ ಹಿಡಿದುಬಿಡುತ್ತವೆ. ಆ ಎಂಜಲನ್ನು ತೊಳೆಯಲು ಫಾಸ್ಫಾರಿಕ್ ಆಮ್ಲ ಬಳಸಿದರೆ ಮತ್ತಷ್ಟು ಫಾಸ್ಫೇಟನ್ನು ತಂದು ಕೂರಿಸಿದಂತೆ.