ಒಕೊಂಕ್ವೊ ಯಾಕೆ ಅಳಲಿಲ್ಲ?

ಆಫ್ರಿಕಾದ ಸಾಹಿತ್ಯ ಅಂದ ಕೂಡಲೆ ನಮ್ಮ ಪಂಡಿತರ ಬಾಯಿಗೆ ಬರುವ ಮೊದಲ ಹೆಸರು ಚಿನುವ ಅಚಿಬೆ. 1958ರಲ್ಲಿ ಬಂದ ಅವರ 'ಥಿಂಗ್ಸ್ ಫಾಲ್ ಅಪಾರ್ಟ್' ಕಾದಂಬರಿಯನ್ನು ಕ್ಲಾಸಿನಲ್ಲಿ ಪಾಠ ಮಾಡುವವರು ಒಂದೇ ಪಲ್ಲವಿ ಹಾಡುತ್ತಾರೆ: ಬಿಳಿಯರು ಬಂದರು, ಚರ್ಚು ಬಂತು, ಕೋರ್ಟು ಬಂತು, ನೈಜೀರಿಯದ ಇಗ್ಬೊ ಜನರ ಬಾಳು ಒಡೆಯಿತು, ಒಕೊಂಕ್ವೊ ಎಂಬ ವೀರ ತಲೆ ಬಾಗಿಸದೆ ಸತ್ತ. ಪರೀಕ್ಷೆಗೆ ಇಷ್ಟು ಸಾಕು, ಬದುಕಿಗೆ ಸಾಲದು. ವೀರ ಸತ್ತದ್ದು ಯುದ್ಧದಲ್ಲಲ್ಲ, ತನ್ನ ಕೈಯಾರೆ. ಆ ಸಾವನ್ನು ಪ್ರತಿಭಟನೆ ಎಂದು ಹೊಗಳಿ ಪುಟ ಮಗುಚುವ ವಿಮರ್ಶೆಯ ಬಗ್ಗೆ ನಮ್ಮ ತಕರಾರಿದೆ.

ಒಕೊಂಕ್ವೊನನ್ನು ಆಳಿದ್ದು ಧೈರ್ಯ ಅಲ್ಲ, ಹೆದರಿಕೆ. ಇದು ನಾವು ಹೊಸದಾಗಿ ಕಂಡುಹಿಡಿದ ಮಾತಲ್ಲ, ಅಚಿಬೆ ಶುರುವಿನಲ್ಲೇ ಬಿಚ್ಚಿಟ್ಟಿದ್ದಾರೆ. ಅವನ ಅಪ್ಪ ಉನೊಕ ಕೊಳಲು ಊದುವವನು, ಸಾಲಗಾರ, ರಕ್ತ ಕಂಡರೆ ಆಗದವನು. ಆಟದಲ್ಲಿ ಜೊತೆಯ ಹುಡುಗನೊಬ್ಬ ಆ ಅಪ್ಪನನ್ನು 'ಅಗ್ಬಾಲ' ಅಂದುಬಿಟ್ಟ. ಆ ಮಾತಿಗೆ ಹೆಂಗಸು ಅಂತಲೂ ಅರ್ಥ, ಊರಲ್ಲಿ ಯಾವ ಬಿರುದೂ ಪಡೆಯದ ಗಂಡಸು ಅಂತಲೂ ಅರ್ಥ. ನಮ್ಮ ಬೀದಿಯಲ್ಲಿ 'ಹೆಣ್ಣಿಗ' ಅಂತಾರಲ್ಲ, ಹಾಗೆ. ಆ ಒಂದು ಬೈಗುಳ ಒಬ್ಬ ಹುಡುಗನ ಹಣೆಬರಹ ಬರೆಯಿತು. ಅಪ್ಪ ಪ್ರೀತಿಸಿದ್ದನ್ನೆಲ್ಲ ಅವನು ದ್ವೇಷಿಸಿದ, ಅದರಲ್ಲಿ ಮೃದುತನವೂ ಸೇರಿತ್ತು.

ಇದರ ಬೆಲೆ ತೆತ್ತವರು ಯಾರು? ಮೊದಲು ಹೆಂಡಂದಿರು, ಮಕ್ಕಳು. ಆಮೇಲೆ ಇಕೆಮೆಫುನ. ಬೇರೆ ಊರಿನಿಂದ ಬಂದು ಮೂರು ವರ್ಷ ಮನೆಯಲ್ಲಿ ಬೆಳೆದ ಹುಡುಗ, ಒಕೊಂಕ್ವೊನನ್ನೇ ಅಪ್ಪ ಅನ್ನುತ್ತಿದ್ದವನು. ಅವನನ್ನು ಕೊಲ್ಲಬೇಕೆಂದು ದೇವವಾಣಿ ಆದಾಗ, 'ನೀನು ಮಾತ್ರ ಕೈ ಹಾಕಬೇಡ' ಅಂತ ಊರ ಹಿರಿಯನೇ ಎಚ್ಚರಿಸಿದ್ದ. ಆದರೂ ಒಕೊಂಕ್ವೊ ಮಚ್ಚೆತ್ತಿದ. ಯಾಕೆ? ನಾಲ್ಕು ಜನ ತನ್ನನ್ನು ಪುಕ್ಕಲ ಅಂದುಕೊಂಡಾರು ಅಂತ. ಆಮೇಲೆ ಎರಡು ದಿನ ಅವನಿಗೆ ಅನ್ನ ಇಳಿಯಲಿಲ್ಲ. ಹೆಂಡ ಕುಡಿದ. ನಿದ್ದೆ ಬರಲಿಲ್ಲ. ನಡುಗುವ ಮುದುಕಿ ಯಾವಾಗ ಆದೆ ಅಂತ ತನ್ನನ್ನೇ ಬೈದುಕೊಂಡ. ಕೊನೆಗೆ ಗೆಳೆಯ ಒಬಿಯೆರಿಕನ ಮನೆಗೆ ಹೋದ. ಹೋದವನು ಎದೆಯಲ್ಲಿದ್ದುದನ್ನು ಹೇಳಿಕೊಂಡನೇ? ಇಲ್ಲ. 'ಆ ಹುಡುಗನನ್ನು ಕೊಲ್ಲಲು ನೀನ್ಯಾಕೆ ನಮ್ಮ ಜೊತೆ ಬರಲಿಲ್ಲ' ಅಂತ ಗೆಳೆಯನನ್ನೇ ದಬಾಯಿಸಿದ. ಅಳುವ ಜಾಗಕ್ಕೆ ಬಂದು ಜಗಳ ತೆಗೆದ. ಇಡೀ ಕಾದಂಬರಿಯ ಸಂಕಟದ ಗಂಟು ಇಲ್ಲಿದೆ, ಪಂಡಿತರು ಇದನ್ನು ದಾಟಿಕೊಂಡು ಹೋಗುತ್ತಾರೆ.

ಹಾಗಾದರೆ ಇಗ್ಬೊ ಸಂಸ್ಕೃತಿಯೇ ಗಂಡಸಿನ ಬಾಯಿ ಹೊಲಿದಿತ್ತೆ? ಇಲ್ಲ. ಕೈತಪ್ಪಿನ ಕೊಲೆಗಾಗಿ ಏಳು ವರ್ಷ ಗಡೀಪಾರಾದ ಒಕೊಂಕ್ವೊ ಹೋಗಿ ಸೇರುವುದು ತಾಯಿಯ ಊರಿಗೆ. ಅಲ್ಲಿ ಅವನ ಮಾವ ಉಚೆಂಡು ತಿಳಿಹೇಳುತ್ತಾನೆ: ಮಕ್ಕಳಿಗೆ 'ನ್ನೆಕಾ', ಅಂದರೆ ತಾಯಿಯೇ ದೊಡ್ಡವಳು ಅಂತ ಹೆಸರಿಡುವುದು ಸುಮ್ಮನೆ ಅಲ್ಲ; ಸುಖ ಇದ್ದಾಗ ಗಂಡಸು ಅಪ್ಪನ ಊರಿನವನು, ದುಃಖ ಬಂದಾಗ ತಾಯಿಯ ಊರು ಅವನನ್ನು ಕಾಯುತ್ತದೆ. ನಮ್ಮಲ್ಲಿ ತವರು ಹೆಣ್ಣುಮಕ್ಕಳದು. ಇಗ್ಬೊ ಜನ ಗಂಡಸಿಗೂ ಒಂದು ತವರು ಇಟ್ಟಿದ್ದರು. ಒಕೊಂಕ್ವೊ ಆ ತವರಲ್ಲಿ ಕೂತು ಏಳು ವರ್ಷ ದಂಡವಾಯಿತು ಅಂತ ಲೆಕ್ಕ ಹಾಕಿದ.

ಕೊನೆಗೆ ಅವನ ಹೆಣವನ್ನು ಕುಲದವರು ಮುಟ್ಟುವಂತಿಲ್ಲ, ಅದು ಭೂಮಿಗೆ ಬಗೆದ ಅಪಚಾರ. ಬಿಳಿ ಜಿಲ್ಲಾ ಕಮಿಷನರ್ ತಾನು ಬರೆಯಲಿರುವ ಪುಸ್ತಕದಲ್ಲಿ ಇವನಿಗೊಂದು ಪ್ಯಾರಾ ಕೊಡಬಹುದು ಅಂದುಕೊಳ್ಳುತ್ತಾನೆ.

ಆ ಕಮಿಷನರನ ಪುಸ್ತಕ ಕಲ್ಪನೆಯದು. ನಿಜದ ಪುಸ್ತಕಗಳೂ ಇದ್ದವು. ನೈರೋಬಿಯ ಮಥಾರಿ ಹುಚ್ಚಾಸ್ಪತ್ರೆ ನಡೆಸಿದ ಜೆ.ಸಿ. ಕ್ಯಾರೊದರ್ಸ್ ಎಂಬ ಬಿಳಿ ಡಾಕ್ಟರ ಬರೆದ ವರದಿಯನ್ನು 1953ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಅಚ್ಚು ಹಾಕಿತು. ಆಫ್ರಿಕದವರಿಗೆ ಖಿನ್ನತೆ ಬರುವುದು ಅಪರೂಪ ಅಂದ ಆ ಮಹಾಶಯ. ಅವರ ಮನಸ್ಸನ್ನು ಮೆದುಳಿನ ಮುಂಭಾಗದ ನರ ಕತ್ತರಿಸಿಕೊಂಡ ಯುರೋಪಿಯನ್ನನ ಮನಸ್ಸಿಗೆ ಹೋಲಿಸಿದ. ನೋಡಿ, ಯಜಮಾನ ಹೇಳಿದ: ಇವರಿಗೆ ದುಃಖಪಡುವಷ್ಟು ಮನಸ್ಸಿಲ್ಲ. ಮನೆಯ ಯಜಮಾನಿಕೆ ಹೇಳಿತು: ಗಂಡಸಾದವನು ದುಃಖಪಡಬಾರದು. ಎರಡು ಸುಳ್ಳೂ ಒಂದೇ ಬಾಗಿಲಿಗೆ ಬೀಗ ಹಾಕಿದವು. ಗಂಡಸ್ತನದ ಮೌನ ಬಿಳಿಯರ ವಿರುದ್ಧದ ಪ್ರತಿಭಟನೆ ಹೇಗಾದೀತು? ಅದು ಅವರ ವರದಿಗೆ ಹಾಕಿಕೊಟ್ಟ ರುಜು.

ಈ ಬೀಗಕ್ಕೆ ಕೈ ಹಾಕಿದವನು ಫ್ರಾಂಟ್ಜ್ ಫ್ಯಾನನ್. 1953ರಿಂದ 1956ರವರೆಗೆ ಅಲ್ಜೀರಿಯದ ಬ್ಲಿಡಾ ಆಸ್ಪತ್ರೆಯಲ್ಲಿ ಮನೋವೈದ್ಯನಾಗಿದ್ದವನು. ನಮ್ಮ ಭಾಷಣಕಾರರು 1961ರ ಅವನ ಕೊನೆಯ ಪುಸ್ತಕದ ಮೊದಲ ಅಧ್ಯಾಯವನ್ನು, ಆ ಬೆಂಕಿ ಮಾತನ್ನು, ಬಾಯಿಪಾಠ ಮಾಡಿದ್ದಾರೆ. ಅದೇ ಪುಸ್ತಕದ ಕೊನೆಯಲ್ಲಿರುವ ರೋಗಿಗಳ ಟಿಪ್ಪಣಿ ಓದಿದವರು ಕಡಿಮೆ. ಅಲ್ಲಿ ವಿಮೋಚನಾ ಹೋರಾಟದ ಒಬ್ಬ ಕಾರ್ಯಕರ್ತ ಬರುತ್ತಾನೆ. ತಲೆನೋವು, ನಿದ್ದೆ ಇಲ್ಲ ಅಂತಾನೆ. ಇವನ ಸುಳಿವು ಕೇಳುತ್ತಾ ಫ್ರೆಂಚ್ ಸೈನಿಕರು ಇವನ ಹೆಂಡತಿಯ ಮೇಲೆ ಅತ್ಯಾಚಾರ ಮಾಡಿದ್ದರೆಂಬುದು, ಇವನ ಗಂಡಸ್ತನವೇ ಉಡುಗಿದೆಯೆಂಬುದು ಹೊರಬರಲು ದಿನಗಳೇ ಬೇಕಾದವು. ಕ್ರಾಂತಿಕಾರಿಗೂ ನಿದ್ದೆ ಕೆಡುತ್ತದೆ ಅಂತ ಬರೆಯಲು ಫ್ಯಾನನ್ ನಾಚಲಿಲ್ಲ. ಒಂದು ಮಾತು ಮಾತ್ರ ಹೇಳಲೇಬೇಕು: ಆ ಹೆಂಗಸಿನ ಸಂಕಟ ನಮಗೆ ಸಿಗುವುದು ಗಂಡನ ಸಂಕಟದ ಮೂಲಕವೇ.

ಸ್ವಾತಂತ್ರ್ಯ ಬಂದ ಮೇಲೆ ಬೀಗ ತೆರೆಯಿತೆ? ದಕ್ಷಿಣ ಆಫ್ರಿಕಾದ ಕೆ. ಸೆಲ್ಲೊ ಡ್ಯೂಕರ್ 2001ರಲ್ಲಿ 'ದಿ ಕ್ವಯಟ್ ವಯಲೆನ್ಸ್ ಆಫ್ ಡ್ರೀಮ್ಸ್' ಬರೆದ. ಕೇಪ್‌ಟೌನಿನ ಮಾನಸಿಕ ಆಸ್ಪತ್ರೆ ಸೇರಿದ ಕರಿಯ ವಿದ್ಯಾರ್ಥಿಯೊಬ್ಬ ಅದರಲ್ಲಿ ತಾನೇ ಬಾಯಿಬಿಟ್ಟು ಮಾತಾಡುತ್ತಾನೆ. ಅದನ್ನು ಬರೆದವನು 2005ರಲ್ಲಿ, 30ನೇ ವಯಸ್ಸಿಗೆ, ತನ್ನ ಜೀವ ತಾನೇ ತೆಗೆದುಕೊಂಡ. ಬರೆದರೆ ಸಾಕು, ನೋವು ಕರಗುತ್ತದೆ ಅನ್ನುವ ಕವಿಗಳು ಇದನ್ನು ನೆನಪಿಡಬೇಕು. ಕೇಳುವವರೂ ಬೇಕು.

ಕೇಳುವವರು ಎಷ್ಟಿದ್ದಾರೆ? ಆಫ್ರಿಕಾ ವಲಯದಲ್ಲಿ 5 ಲಕ್ಷ ಜನಕ್ಕೆ ಒಬ್ಬ ಮನೋವೈದ್ಯ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2022ರಲ್ಲಿ ಹೇಳಿತು. ಆತ್ಮಹತ್ಯೆಯ ಪ್ರಮಾಣ ಲಕ್ಷಕ್ಕೆ 11, ಜಗತ್ತಿನ ಸರಾಸರಿ ಸುಮಾರು 9. ಸಾಯುವವರಲ್ಲಿ ಗಂಡಸರೇ ಹೆಚ್ಚು. ಸಾಯಲು ಹೋಗಿ ಬದುಕಿದವನನ್ನು ಜೈಲಿಗೆ ಹಾಕುವ ಕಾನೂನು ಬ್ರಿಟಿಷರು ಬಿಟ್ಟುಹೋದ ಬಳುವಳಿ. ಘಾನಾ ಅದನ್ನು ಕಿತ್ತೊಗೆದದ್ದು 2023ರಲ್ಲಿ. ಕೀನ್ಯಾದ ಹೈಕೋರ್ಟು ಅದು ಸಂವಿಧಾನಕ್ಕೆ ವಿರುದ್ಧ ಅಂದದ್ದು 2025ರಲ್ಲಿ.

ಜಿಂಬಾಬ್ವೆಯ ಶೋನಾ ಜನ ಈ ಬೇನೆಗೆ 'ಕುಫುಂಗಿಸಿಸಾ' ಅಂತಾರೆ, ಅಂದರೆ ಅತಿಯಾಗಿ ಯೋಚಿಸುವುದು. ನೋವಿಗೆ ಆ ನೆಲದಲ್ಲೇ ಹೆಸರಿತ್ತು, ಕ್ಯಾರೊದರ್ಸನ ಕಿವಿಗೆ ಬೀಳಲಿಲ್ಲ ಅಷ್ಟೆ. 2006ರಲ್ಲಿ ಹರಾರೆಯ ಎಂಬಾರೆಯಲ್ಲಿ ಡಿಕ್ಸನ್ ಚಿಬಾಂಡ ಎಂಬ ಡಾಕ್ಟರು 14 ಮಂದಿ ಅಜ್ಜಿಯರಿಗೆ ತರಬೇತಿ ಕೊಟ್ಟು ಆಸ್ಪತ್ರೆ ಅಂಗಳದ ಬೆಂಚಿನ ಮೇಲೆ ಕೂರಿಸಿದರು. ಅಜ್ಜಿ ಕೇಳುತ್ತಾಳೆ, ನೊಂದವರು ತಮ್ಮ ಮಾತಿನಲ್ಲೇ ಹೇಳಿಕೊಳ್ಳುತ್ತಾರೆ. 573 ಜನರ ಮೇಲೆ ನಡೆಸಿ 2016ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಇದರಿಂದ ಗುಣ ಕಂಡಿತು. ಆದರೆ ಆ 573ರಲ್ಲಿ ಬಹುಪಾಲು ಹೆಂಗಸರು. ಇಗ್ಬೊ ಬೇರೆ, ಶೋನಾ ಬೇರೆ. ಆಫ್ರಿಕಾ ಒಂದೇ ಊರಲ್ಲ. ಆದರೂ ಉಚೆಂಡು ಹೇಳಿದ ತಾಯಿ ಊರಿನಂಥದ್ದೇ ಒಂದು ಜಾಗ ಅಲ್ಲಿ ಎದ್ದಿದೆ, ಗಂಡಸು ಮಾತ್ರ ಇನ್ನೂ ಬಂದು ಕೂರಲು ಹಿಂಜರಿಯುತ್ತಿದ್ದಾನೆ.

ಗೆಳೆಯರೆ, ನಗೋ ಹೆಂಗಸನ್ನು, ಅಳೋ ಗಂಡಸನ್ನು ನಂಬಬಾರದು ಅನ್ನುವ ಗಾದೆ ಇರುವ ನಾಡಿನಲ್ಲಿ ಕೂತು ನಾವು ಈ ಕಾದಂಬರಿ ಓದುತ್ತಿದ್ದೇವೆ. ಒಕೊಂಕ್ವೊನ ಹೆಣವನ್ನು ವೀರಗಲ್ಲು ಮಾಡುವ ವಿಮರ್ಶೆ, ಕಮಿಷನರನ ಆ ಒಂದು ಪ್ಯಾರಾಕ್ಕಿಂತ ದೊಡ್ಡದೇನೂ ಅಲ್ಲ. ಗಂಡೆದೆಯನ್ನು ಹೊಗಳಿದ್ದು ಸಾಕು. ಹೆಂಗರುಳು ಅನ್ನುವ ಮಾತೂ ನಮ್ಮ ಕನ್ನಡದಲ್ಲಿದೆ.