ಮಂಗನ ಕಾಯಿಲೆ: ಹೆಸರು ಹೇಳುವುದೆಷ್ಟು, ಮರೆಸುವುದೆಷ್ಟು

ಕನ್ನಡದಲ್ಲಿ ಮಂಗನ ಹೆಸರು ಹೊತ್ತ ಕಾಯಿಲೆಗಳು ಮೂರಿವೆ: ಮಂಗನಬಾವು, ಮಂಗನ ಸಿಡುಬು, ಮಂಗನ ಕಾಯಿಲೆ. ಮೊದಲನೆಯದಕ್ಕೂ ಮಂಗಕ್ಕೂ ಯಾವ ಸಂಬಂಧವೂ ಇಲ್ಲ. ಅದು ಊದಿದ ಕೆನ್ನೆ ತರುವ ಬೇನೆ. ಎರಡನೆಯದು 1958ರಲ್ಲಿ ಕೋಪನ್‌ಹೇಗನ್ನಿನ ಪ್ರಯೋಗಾಲಯವೊಂದರ ಮಂಗಗಳಲ್ಲಿ ಮೊದಲು ಕಾಣಿಸಿಕೊಂಡಿದ್ದರಿಂದ ಆ ಹೆಸರು ಪಡೆಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಎಂಪಾಕ್ಸ್ ಎಂದು ಬದಲಿಸಿತು. ಮೂರನೆಯದು ನಮ್ಮ ಮಲೆನಾಡಿನದು. ಜನರ ಜೀವದ ಪ್ರಶ್ನೆ ಅಡಗಿರುವುದರಿಂದ ಈ ಹೆಸರನ್ನು ನಿಷ್ಠುರವಾಗಿ ಪರಿಶೀಲಿಸಬೇಕಾಗಿದೆ.

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದಾದ ಮೇಲೊಂದು ಸತ್ತು ಬಿದ್ದವು. ಅದೇ ಸುಮಾರಿಗೆ ಸುತ್ತಲಿನ ಹಳ್ಳಿಗಳಲ್ಲಿ ವಿಪರೀತ ಜ್ವರ, ತಲೆನೋವು, ಮೈಕೈ ನೋವು, ಕೆಲವರಲ್ಲಿ ರಕ್ತಸ್ರಾವ ಕಾಣಿಸಿಕೊಂಡಿತು. ಹಳದಿ ಜ್ವರ ಭಾರತಕ್ಕೂ ಕಾಲಿಟ್ಟಿತೇ ಎಂಬ ಆತಂಕದಿಂದಲೇ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಜ್ಞರು ತನಿಖೆಗಿಳಿದರು. ಸಿಕ್ಕಿದ್ದು ಬೇರೆಯೇ ವೈರಸ್. ರಷ್ಯಾದಲ್ಲಿ ಉಣುಗುಗಳಿಂದ ಹರಡುವ ಮಿದುಳು ಜ್ವರದ ವೈರಸ್ ಬಳಗಕ್ಕೆ ಸೇರಿದ್ದು. ವಿಜ್ಞಾನಿಗಳು ಅದಕ್ಕೆ ಕಾಡಿನ ಹೆಸರಿಟ್ಟರು, ಜನ ಮಂಗನ ಹೆಸರಿಟ್ಟರು.

ಕಾಡಿನ ಹೆಸರು ಇಂಗ್ಲಿಷಿಗೆ ಹೋಗಿ ಮರಳುವಷ್ಟರಲ್ಲಿ ರೂಪ ಕಳೆದುಕೊಂಡಿದೆ. ಕನ್ನಡದಲ್ಲೇ 'ಕ್ಯಾಸನೂರ್', 'ಕ್ಯಾಸನೂರ' ಎಂದೆಲ್ಲ ಬರೆಯುವವರಿದ್ದಾರೆ. ಊರಿನ ಹೆಸರು ಕ್ಯಾಸನೂರು, ಹಾಗೆಯೇ ಬರೆಯಬೇಕು. ಇನ್ನು ಆರೋಗ್ಯ ಇಲಾಖೆಯ 'ಕೆಎಫ್‌ಡಿ' (ಕ್ಯಾಸನೂರು ಫಾರೆಸ್ಟ್ ಡಿಸೀಸ್) ಕಡತಕ್ಕೆ ಅನುಕೂಲ, ಅಡಿಕೆ ತೋಟಕ್ಕೆ ಹೊರಟವರಿಗೆ ಅದರಿಂದ ಏನೂ ತಿಳಿಯದು. ಹೊಸ ರೋಗಗಳಿಗೆ ಊರಿನ ಹೆಸರನ್ನಾಗಲೀ ಪ್ರಾಣಿಯ ಹೆಸರನ್ನಾಗಲೀ ಇಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಲಹೆ ನೀಡಿತು. ಆ ಸಲಹೆಗಿಂತ ಬಹಳ ಹಿಂದೆಯೇ ನಮ್ಮ ಕಾಯಿಲೆಗೆ ಎರಡೂ ಬಗೆಯ ಹೆಸರು ಅಂಟಿಕೊಂಡಾಗಿತ್ತು.

'ಮಂಗನ ಕಾಯಿಲೆ' ಎಂಬ ಹೆಸರಿಗೆ ಅದರದೇ ಬೆಲೆ ಇದೆ. ಅದು ಹಳ್ಳಿಗರು ಕಣ್ಣಾರೆ ಕಂಡದ್ದರಿಂದ ಹುಟ್ಟಿದ್ದು. ಕಾಡಿನಲ್ಲಿ ಮಂಗ ಸತ್ತರೆ ಅಪಾಯ ಹತ್ತಿರ ಬಂದಿದೆ ಎಂಬ ಎಚ್ಚರಿಕೆ ಅದರಲ್ಲಿದೆ. ಇಂದಿಗೂ ಆರೋಗ್ಯ ಸಿಬ್ಬಂದಿ ನಿಗಾ ಇಡುವುದು ಸತ್ತ ಮಂಗಗಳ ಸುದ್ದಿಯ ಮೇಲೆಯೇ.

ಆದರೆ ರೋಗ ಹರಡುವ ಉಣುಗಿನ ಸುಳಿವೇ ಈ ಹೆಸರಿನಲ್ಲಿಲ್ಲ. ಮಂಗ ಇಲ್ಲಿ ಅಪರಾಧಿಯಲ್ಲ, ನಮ್ಮಂತೆಯೇ ಬಲಿಪಶು. ಅದು ಸತ್ತಾಗ ಮೈಮೇಲಿದ್ದ ಉಣುಗುಗಳು ನೆಲಕ್ಕಿಳಿಯುತ್ತವೆ. ಡಿಸೆಂಬರಿನಿಂದ ಮೇವರೆಗೆ, ಒಣಗಿದ ದರಗಿನ ನಡುವೆ, ಎಳ್ಳುಕಾಳಿಗಿಂತ ಸಣ್ಣ ಮರಿ ಉಣುಗುಗಳು ಕಾದಿರುತ್ತವೆ. ಕೊಟ್ಟಿಗೆಗೆ ಹಾಸಲು ದರಗು ಗುಡಿಸಿ ಬುಟ್ಟಿಗೆ ತುಂಬುವ ಹೆಂಗಸಿನ ಕಾಲಿಗೆ, ಸೊಂಟಕ್ಕೆ ಅವು ಹತ್ತುವುದು ಅವಳ ಗಮನಕ್ಕೇ ಬರುವುದಿಲ್ಲ. ಸುತ್ತ ಒಂದು ಮಂಗವೂ ಕಾಣದಿದ್ದರೆ 'ನಮಗೇನು ಭಯ' ಎಂದು ಅವಳು ಅಂದುಕೊಳ್ಳುವುದು ಸಹಜ. ಹೆಸರು ಅವಳ ಕಣ್ಣನ್ನು ಮರದ ಮೇಲಕ್ಕೆ ತಿರುಗಿಸುತ್ತದೆ. ಅಪಾಯ ಇರುವುದು ಕಾಲಬುಡದಲ್ಲಿ. ರೋಗ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ ಎಂಬ ಸಮಾಧಾನದ ಸಂಗತಿಯೂ ಈ ಹೆಸರಿನಿಂದ ತಿಳಿಯುವುದಿಲ್ಲ.

ಇದು ಬರಿಯ ಭಾಷೆಯ ಚರ್ಚೆಯಲ್ಲ. ಸೋಂಕಿತರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯಬಹುದಾದ ರೋಗವಿದು. ನಿರ್ದಿಷ್ಟ ಔಷಧಿಯಿಲ್ಲ, ದಶಕಗಳ ಕಾಲ ಕೊಟ್ಟ ಹಳೆಯ ಲಸಿಕೆಯ ಬಳಕೆಯೂ ನಿಂತಿದೆ. ಕಾಡಿಗೆ ಹೋಗುವ ಮುನ್ನ ಮೈಗೆ ಉಣುಗು ನಿರೋಧಕ ತೈಲ ಹಚ್ಚುವುದು, ಮೈತುಂಬ ಬಟ್ಟೆ ತೊಡುವುದು, ಮನೆಗೆ ಬಂದೊಡನೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯುವುದು, ಇವೇ ಈಗಿರುವ ರಕ್ಷಣೆ. ಇವೆಲ್ಲವೂ ಉಣುಗಿನ ವಿರುದ್ಧದ ಕ್ರಮಗಳು ಎಂಬುದನ್ನು ಗಮನಿಸಬೇಕು.

ಎರಡು ತಲೆಮಾರು ಆಡಿದ ಹೆಸರನ್ನು ಆದೇಶ ಹೊರಡಿಸಿ ಅಳಿಸಲಾಗದು, ಅಳಿಸಬೇಕಾಗಿಯೂ ಇಲ್ಲ. ಪತ್ರಿಕೆಗಳು, ಆಸ್ಪತ್ರೆಯ ಭಿತ್ತಿಪತ್ರಗಳು, ಶಾಲೆಯ ಪಾಠಗಳು ಅದರ ಜೊತೆಗೆ ಒಂದು ಪದ ಸೇರಿಸಲಿ: 'ಮಂಗನ ಕಾಯಿಲೆ, ಅಂದರೆ ಉಣುಗು ಜ್ವರ'. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ. ದರಗಿಗೆ ಹೋಗಿ ಬಂದ ದಿನ ಮೈಯನ್ನು ತಪ್ಪದೆ ಪರೀಕ್ಷಿಸಿಕೊಳ್ಳಿ.